ಕಾಲು ನೋಡಿ ಅತ್ತೆವು, ಚಿತ್ರ ನೋಡಿದೆವೇ?

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಹತ್ತಿರದ ಒಂದು ಊರು. ಹೆಸರು ಹಾಕುವುದು ಬೇಡ. ಓದುವ ಹವ್ಯಾಸ ಇರುವ ಇಪ್ಪತ್ತೈದು ಜನ ಸೇರಿ ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ಜುಲೈಯಲ್ಲಿ ಮಳೆ ಹಿಡಿದು ತೋಟದ ಕೆಲಸ ಕಮ್ಮಿಯಿದ್ದಾಗ 'ಮೈ ಲೆಫ್ಟ್ ಫುಟ್' ಹಾಕಿದೆವು. ಮುಗಿಯುವ ಹೊತ್ತಿಗೆ ನಾನೂ ಸೇರಿ ಅರ್ಧ ಜನ ಅಳುತ್ತಿದ್ದೆವು. ನಮ್ಮ ನಿವೃತ್ತ ಹೆಡ್‌ಮಾಸ್ಟರು "ಕೈಕಾಲು ಗಟ್ಟಿ ಇರುವ ಮಕ್ಕಳಿಗೆ ಇದನ್ನು ತೋರಿಸಬೇಕು, ಸ್ವಲ್ಪ ನಾಚಿಕೆಯಾಗಲಿ" ಎಂದರು. ಒಬ್ಬ ಕಾಲೇಜು ಹುಡುಗ "ಇಷ್ಟು ಕುಡಿಯುವ, ಬೈಯುವ ಮನುಷ್ಯನನ್ನು ಯಾಕೆ ಹೀರೊ ಮಾಡಿದ್ದಾರೆ" ಎಂದ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ) ಇರುವ ಮಗನ ತಾಯಿಯೊಬ್ಬರು ಅರ್ಧದಲ್ಲೇ ಎದ್ದು ಹೋಗಿದ್ದರು. ನನ್ನ ಚಿಕ್ಕಮ್ಮನ ಮಗಳಿಗೆ ಪೋಲಿಯೊದಿಂದ ಒಂದು ಕಾಲು ಸೋತಿದೆ. ನಮ್ಮ ಹಾಲ್ ಮಹಡಿ ಮೇಲಿರುವುದರಿಂದ ಅವಳನ್ನು ಹಿಡಿದುಕೊಂಡೇ ಹತ್ತಿಸಿದ್ದೆವು. ಇಪ್ಪತ್ತು ವರ್ಷದಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಾಳೆ. ಕೊನೆಗೆ ಅವಳು "ನೀವೆಲ್ಲ ಅತ್ತಿರಿ. ಆ ಮನುಷ್ಯ ಬರೆದ ಚಿತ್ರ ಯಾವುದು, ಹೇಗಿತ್ತು, ಒಬ್ಬರಾದರೂ ಹೇಳಿ ನೋಡೋಣ" ಎಂದಳು. ಯಾರಿಗೂ ನೆನಪಿರಲಿಲ್ಲ. ಅವತ್ತಿನಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಅತ್ತಿದ್ದು ತಪ್ಪೇ? ಯಾರ ಅಭಿಪ್ರಾಯ ಸರಿ?

ಉತ್ತರ: ಅತ್ತಿದ್ದು ತಪ್ಪಲ್ಲ, ಅಕ್ಕ. ಆ ಸಿನಿಮಾ ನೋಡಿ ನಾನೂ ಅತ್ತಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ. ಆದರೆ ನಿಮ್ಮ ತಂಗಿ ಹಾಕಿದ ಪ್ರಶ್ನೆಯ ಮುಂದೆ ಇಪ್ಪತ್ತೈದು ಜನ ಉತ್ತರವಿಲ್ಲದೆ ಕೂತಿರಲ್ಲ, ಅದರ ಬಗ್ಗೆ ಉದ್ದಕ್ಕೆ ಮಾತಾಡಬೇಕಿದೆ. ಇಪ್ಪತ್ತು ವರ್ಷಗಳಿಂದ ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಸಿನಿಮಾ ರಸಗ್ರಹಣದ ಶಿಬಿರ ನಡೆಸುತ್ತಿದ್ದೇನೆ. ಈ ಸಿನಿಮಾದ ಬಗ್ಗೆ ಇಷ್ಟು ನೇರವಾದ ಮಾತನ್ನು ಯಾವ ಶಿಬಿರದಲ್ಲೂ ಕೇಳಿರಲಿಲ್ಲ.

ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಇದು ಜಿಮ್ ಶೆರಿಡನ್ ನಿರ್ದೇಶಿಸಿದ 1989ರ ಐರಿಷ್ ಸಿನಿಮಾ. ಕ್ರಿಸ್ಟಿ ಬ್ರೌನ್ ಎಂಬ ನಿಜವಾದ ಬರಹಗಾರರ, ಚಿತ್ರಕಾರರ ಕಥೆ. ಅವರು ಹುಟ್ಟಿದ್ದು 1932ರಲ್ಲಿ, ಡಬ್ಲಿನ್‌ನ ಒಬ್ಬ ಗಾರೆ ಕೆಲಸದವರ ಮನೆಯಲ್ಲಿ. ತಾಯಿ ಹೆತ್ತ 22 ಮಕ್ಕಳಲ್ಲಿ ಉಳಿದವರು 13. ಸೆರೆಬ್ರಲ್ ಪಾಲ್ಸಿಯಿಂದಾಗಿ ಬ್ರೌನ್ ಅವರಿಗೆ ಹೇಳಿದಂತೆ ಕೇಳುತ್ತಿದ್ದ ಅಂಗ ಎಡಗಾಲು ಒಂದೇ. ಅದೇ ಕಾಲಿನಿಂದ ಚಿತ್ರ ಬರೆದರು, ಅಕ್ಷರ ಬರೆದರು, ಟೈಪ್ ಮಾಡಿದರು. 1954ರಲ್ಲಿ ಆತ್ಮಕಥೆ ಬಂತು, 1970ರಲ್ಲಿ ದೊಡ್ಡ ಹೆಸರು ತಂದ ಕಾದಂಬರಿ. 1981ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಸಿನಿಮಾ ಬಂದದ್ದು ಆಮೇಲೆ. ಹಾಗಾಗಿ 'ಇದು ನಾನೇ' ಅಥವಾ 'ಇದು ನಾನಲ್ಲ' ಎನ್ನಲು ಅವರು ಇರಲಿಲ್ಲ. ಕ್ರಿಸ್ಟಿಯ ಪಾತ್ರ ಮಾಡಿದ ಡೇನಿಯಲ್ ಡೇ ಲೂಯಿಸ್ ಮತ್ತು ತಾಯಿಯ ಪಾತ್ರದ ಬ್ರೆಂಡಾ ಫ್ರಿಕರ್ ಇಬ್ಬರಿಗೂ 1990ರಲ್ಲಿ ಆಸ್ಕರ್ ಸಿಕ್ಕಿತು.

ಈಗ ಸಿನಿಮಾ ಶುರುವಾಗುವ ರೀತಿಯನ್ನು ನೆನಪು ಮಾಡಿಕೊಳ್ಳಿ. ತೆರೆಯ ಮೇಲೆ ಒಂದು ಪಾದ. ಬೆರಳುಗಳು ಗ್ರಾಮಾಫೋನ್ ತಟ್ಟೆಯನ್ನು ಅದರ ಲಕೋಟೆಯಿಂದ ಎಳೆದು, ಹಾಡಿನ ಪೆಟ್ಟಿಗೆಯ ಮೇಲಿಟ್ಟು, ಮುಳ್ಳನ್ನು ಅದರ ಮೇಲೆ ಇಳಿಸುತ್ತವೆ. ಹಾಡು ಬರುತ್ತದೆ. ಕ್ಯಾಮೆರಾಕ್ಕೆ ಅವಸರವೇ ಇಲ್ಲ. ಪಾಪ ಎನ್ನಲು ನಮಗೆ ಇನ್ನೂ ಮುಖವೇ ಸಿಕ್ಕಿರುವುದಿಲ್ಲ. ನಾವು ನೋಡುವುದು ಪಳಗಿದ ಒಂದು ಅಂಗವನ್ನು, ಅದರ ಲೆಕ್ಕಾಚಾರವನ್ನು. ನಮ್ಮ ತೋಟಗಳಲ್ಲಿ ಕಾಳುಮೆಣಸು ಬಿಡಿಸುವವರು ಏಣಿಯ ತುದಿಯಲ್ಲಿ ನಿಂತು ಒಂದೇ ಕೈಯಲ್ಲಿ ಕೆಲಸ ಮಾಡುವುದನ್ನು ಕೆಳಗಿನಿಂದ ನೋಡುತ್ತೇವಲ್ಲ, ಅಂಥ ನೋಟ ಅದು. ಸಿನಿಮಾ ಇಡೀ ಅದೇ ನೋಟದಲ್ಲಿ ನಡೆದಿದ್ದರೆ ನಿಮ್ಮ ತಂಗಿ ಆ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಆದರೆ ನಡೆಯುವುದಿಲ್ಲ. ಸೀಮೆಸುಣ್ಣದ ದೃಶ್ಯವನ್ನೇ ನೋಡಿ. ಬ್ರೌನ್ ತಮ್ಮ ಆತ್ಮಕಥೆಯಲ್ಲಿ ಹೇಳುವ ಪ್ರಕಾರ, ಐದು ವರ್ಷದವರಿದ್ದಾಗ ಸೋದರಿಯ ಕೈಯಿಂದ ಎಡಗಾಲಿನಲ್ಲಿ ಸೀಮೆಸುಣ್ಣ ಕಿತ್ತುಕೊಂಡರು. ತಾಯಿ ನೆಲದ ಮೇಲೆ ಇಂಗ್ಲಿಷಿನ 'ಎ' ಅಕ್ಷರ ಬರೆದು ತೋರಿಸಿದರು. ಹುಡುಗ ಒದ್ದಾಡಿ, ಕೆಡಿಸಿ, ಮತ್ತೆ ಒದ್ದಾಡಿ ಅದನ್ನು ತಿದ್ದಿದ. ಒಂದೇ ಅಕ್ಷರ, ಅದೂ ಸೊಟ್ಟ. ಸಿನಿಮಾದಲ್ಲಿ ಆ ಗಳಿಗೆಯ ಶಿಖರಕ್ಕೆ ಹುಡುಗ ನೆಲದ ಮೇಲೆ 'ಮದರ್' ಎಂದು ಪೂರ್ತಿ ಬರೆಯುತ್ತಾನೆ. ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಹೆಂಡದಂಗಡಿಗೆ ಹೋಗಿ ನನ್ನ ಮಗ ಎಂದು ಸಾರುತ್ತಾನೆ. ನಾವೆಲ್ಲ ಅಳುವುದು ಅಲ್ಲೇ. ಬದಲಾವಣೆ ಸಣ್ಣದು ಅನ್ನಿಸಬಹುದು. ಆದರೆ ಒಂದು ಸೊಟ್ಟ ಅಕ್ಷರ ಕಲಿಕೆಯ ಸಂಗತಿ, ಅದರ ಬೆನ್ನಿಗೆ ವರ್ಷಗಟ್ಟಲೆ ಕೆಲಸ ಕಾದಿದೆ. 'ಮದರ್' ಎಂಬ ಇಡೀ ಪದ ಪವಾಡ. ಪವಾಡ ಆದ ಮೇಲೆ ಕಲಿಯುವುದೇನು ಉಳಿಯಿತು?

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಬ್ರೌನ್ ಅವರ ಬಾಳಿನಲ್ಲಿ ರಾಬರ್ಟ್ ಕಾಲಿಸ್ ಎಂಬ ಮಕ್ಕಳ ವೈದ್ಯರು ಬಂದರು. ಡಬ್ಲಿನ್‌ನಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಚಿಕಿತ್ಸಾಲಯ ಕಟ್ಟಿದವರು. ಜೊತೆಗೆ ನಾಟಕಕಾರರು, ಬರಹಗಾರರು. ಬ್ರೌನ್ ತಮ್ಮ ಕಥೆಯ ಮೊದಲ ಕರಡನ್ನು ಓದಿಸಿದಾಗ ಅವರು ಅದನ್ನು ಹೊಗಳಿ ಕಳಿಸಲಿಲ್ಲ. ಹಳೆಯ ಕಾದಂಬರಿಗಳ ಭಾರದ ಭಾಷೆ ಬಿಟ್ಟು ನಿನ್ನ ಮಾತಿನಲ್ಲಿ ಬರೆ ಎಂದು ತಿದ್ದಿಸಿ ತಿದ್ದಿಸಿ ಬರೆಸಿದರು. ಬ್ರೌನ್ ಹೇಳುತ್ತಿದ್ದರು, ತಮ್ಮಂದಿರು ಬರೆದುಕೊಳ್ಳುತ್ತಿದ್ದರು, ಅದನ್ನು ಎಸೆದು ಮತ್ತೆ ಮೊದಲಿನಿಂದ. ಒಬ್ಬ ಗುರು, ಒಬ್ಬ ಶಿಷ್ಯ, ಹರಿದು ಹಾಕಿದ ಹಾಳೆಗಳ ರಾಶಿ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಸಿನಿಮಾದಲ್ಲಿ ಆ ಜಾಗಕ್ಕೆ ಐಲೀನ್ ಕೋಲ್ ಎಂಬ ಕಲ್ಪಿತ ವೈದ್ಯೆ ಬರುತ್ತಾಳೆ, ಕ್ರಿಸ್ಟಿ ಅವಳನ್ನು ಪ್ರೀತಿಸುತ್ತಾನೆ, ಎದೆ ಒಡೆದುಕೊಳ್ಳುತ್ತಾನೆ. ತಿದ್ದಿ ಬರೆದ ಕಷ್ಟವನ್ನು ಪ್ರೇಮದ ಕಷ್ಟ ನುಂಗಿಹಾಕಿತು.

ಹಾಗಾಗಿ ಆ ಚಿತ್ರಗಳು ನಿಮಗೆ ನೆನಪಿಲ್ಲದ್ದಕ್ಕೆ ತಪ್ಪು ಪೂರ್ತಿ ನಿಮ್ಮದಲ್ಲ. ಬ್ರೌನ್ ಹುಡುಗನಾಗಿದ್ದಾಗಲೇ ಪತ್ರಿಕೆಯೊಂದರ ಕ್ರಿಸ್‌ಮಸ್ ಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಪಡೆದವರು. ಆಮೇಲೆ ಬಣ್ಣ ಸಾಲದಾಯಿತು, ಮನಸ್ಸಿನಲ್ಲಿದ್ದದ್ದಕ್ಕೆ ಮಾತೇ ಬೇಕೆನ್ನಿಸಿ ಬರವಣಿಗೆಗೆ ಹೊರಳಿದರು. ಒಬ್ಬ ಕಲಾವಿದ ಒಂದು ಮಾಧ್ಯಮ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋದ ಎಂಬುದು ಕಲಾವಿದರ ಜೀವನಚರಿತ್ರೆಯಲ್ಲಿ ಮುಖ್ಯವಾದ ಪ್ರಶ್ನೆ. ಸಿನಿಮಾದಲ್ಲಿ ಕ್ಯಾನ್ವಾಸು, ಪ್ರದರ್ಶನ ಎಲ್ಲ ಬರುತ್ತವೆ. ಆದರೆ ಚಿತ್ರದ ಮೇಲೆ ನಮ್ಮ ಕಣ್ಣು ನೆಲೆಯೂರುವ ಮೊದಲೇ ಕ್ಯಾಮೆರಾ ಕಾಲಿಗೋ ಮುಖಕ್ಕೋ ಹೊರಟುಬಿಡುತ್ತದೆ. ಮೆಕ್ಸಿಕೊದ ಫ್ರೀಡಾ ಕಾಲೊ ಬಗ್ಗೆ 2002ರಲ್ಲಿ ಬಂದ ಸಿನಿಮಾವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾಲೊ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೊ, 1925ರಲ್ಲಿ ಬಸ್ಸಿನ ಅಪಘಾತ, 1953ರಲ್ಲಿ ಒಂದು ಕಾಲನ್ನೇ ತೆಗೆಯಬೇಕಾಯಿತು. ಆ ಸಿನಿಮಾದಲ್ಲಿ ಅವರ ಚಿತ್ರಗಳೇ ಮೈತಳೆದು ಎದ್ದು ಬರುತ್ತವೆ, ದೃಶ್ಯ ಹೋಗಿ ಚಿತ್ರದೊಳಗೆ ಸೇರುತ್ತದೆ. ಬೇರೆ ದೋಷಗಳಿವೆ. ಆದರೆ ಮನೆಗೆ ಬಂದ ಮೇಲೆ ಒಂದೆರಡು ಚಿತ್ರವಾದರೂ ಕಣ್ಣಲ್ಲಿ ಉಳಿದಿರುತ್ತದೆ.

ನಿಮ್ಮ ಹೆಡ್‌ಮಾಸ್ಟರರ ವಿಷಯಕ್ಕೆ ಬರುತ್ತೇನೆ. ಅವರ ಮನಸ್ಸು ಒಳ್ಳೆಯದೇ. ನಾನೂ ಅಲ್ಲಿಂದಲೇ ಶುರು ಮಾಡಿದವನು, ಆದ್ದರಿಂದ ಅವರ ಮಾತಿನಿಂದ ಆಗುವ ಗಾಯ ಎಂಥದೆಂದು ಗೊತ್ತು. ಹದಿನೈದು ವರ್ಷಗಳ ಹಿಂದೆ ಒಂದು ಹೈಸ್ಕೂಲಿನಲ್ಲಿ ಆ ಸೀಮೆಸುಣ್ಣದ ದೃಶ್ಯ ತೋರಿಸಿ, "ಇದರಿಂದ ನಿಮಗೇನು ಸ್ಫೂರ್ತಿ ಸಿಕ್ಕಿತು, ಬರೆಯಿರಿ" ಎಂದು ಹಾಳೆ ಹಂಚಿದೆ. ತರಗತಿಯಲ್ಲಿ ಊರುಗೋಲಿನ ಮೇಲೆ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅವನು ಬರೆದದ್ದು ಒಂದೇ ಸಾಲು: "ಸರ್, ನನಗೆ ಚಿತ್ರ ಬರೆಯೋಕೆ ಬರಲ್ಲ, ನಾನೇನು ಮಾಡಲಿ?" ಉಳಿದ ಮಕ್ಕಳ ಪುಟಗಟ್ಟಲೆ ಸ್ಫೂರ್ತಿಯ ನಡುವೆ ಆ ಸಾಲು. ನಾನು ಅವನಿಗೆ ಏನೂ ಹೇಳಲಿಲ್ಲ, ಹೇಳಲು ಬರಲಿಲ್ಲ. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಬದುಕುವ ಹಕ್ಕು ಗಳಿಸಲು ಆ ಹುಡುಗ ಮೊದಲು ಪ್ರತಿಭಾವಂತನಾಗಬೇಕು ಎಂದು ನಾನು ಅವನಿಗೆ ಪಾಠ ಮಾಡಿಬಿಟ್ಟಿದ್ದೆ.

ಸ್ಟೆಲ್ಲಾ ಯಂಗ್ ಎಂಬ ಆಸ್ಟ್ರೇಲಿಯಾದ ಪತ್ರಕರ್ತೆ ಮತ್ತು ಹಾಸ್ಯಗಾರ್ತಿ ಇದ್ದರು, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು, 2014ರಲ್ಲಿ ತೀರಿಕೊಂಡರು. ಅಂಗವೈಕಲ್ಯ ಇರುವವರನ್ನು ಇತರರ ಮನಸ್ಸು ಹುರುಪುಗೊಳಿಸುವ ವಸ್ತುವಾಗಿ ಬಳಸುವುದನ್ನು ಅವರು ಬಹಳ ಗಡುಸಾಗಿ ಟೀಕಿಸಿದರು. ನನ್ನ ಬದುಕು ಇದಕ್ಕಿಂತ ಕೆಟ್ಟದಾಗಿರಬಹುದಿತ್ತು, ಸದ್ಯ ನಾನು ಹಾಗಿಲ್ಲ ಎಂಬ ಸಮಾಧಾನ ಆ ಸ್ಫೂರ್ತಿಯ ತಳದಲ್ಲಿದೆ ಎಂಬುದು ಅವರ ವಾದ. ಹೆಡ್‌ಮಾಸ್ಟರರ "ನಾಚಿಕೆಯಾಗಲಿ" ಎಂಬ ಮಾತನ್ನು ಈಗ ಇನ್ನೊಮ್ಮೆ ಓದಿ. ಆ ಮಾತಿನಲ್ಲಿ ಬ್ರೌನ್ ಎಲ್ಲಿದ್ದಾರೆ? ಇರುವುದು ಕೈಕಾಲು ಗಟ್ಟಿ ಇರುವ ಮಕ್ಕಳು ಮಾತ್ರ. ನಿಮ್ಮ ತಂಗಿ ಅದೇ ಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡರು.

ಕಾಲೇಜು ಹುಡುಗ ದೂರಿದ್ದನ್ನೇ ನಾನು ಈ ಸಿನಿಮಾದ ದೊಡ್ಡ ಗುಣ ಎನ್ನುತ್ತೇನೆ. ಹೋಟೆಲಿನ ದೃಶ್ಯ ನೆನಪಿದೆಯಲ್ಲ, ಆ ವೈದ್ಯೆ ಬೇರೊಬ್ಬರನ್ನು ಮದುವೆಯಾಗುತ್ತಿದ್ದೇನೆ ಎಂದಾಗ ಕ್ರಿಸ್ಟಿ ಎಲ್ಲರೆದುರು ರಂಪ ಮಾಡುತ್ತಾನೆ. ಕುಡಿದಿದ್ದಾನೆ, ಬೈಯುತ್ತಾನೆ, ಹಲ್ಲಿನಲ್ಲಿ ಮೇಜಿನ ಬಟ್ಟೆ ಕಚ್ಚಿ ಎಳೆಯುತ್ತಾನೆ. ಬರೀ ಮನಸ್ಸಿನ ಪ್ರೀತಿ ಸಾಕಾಗಿದೆ, ನನಗೆ ಇಡಿಯಾದ ಪ್ರೀತಿ ಬೇಕು ಎನ್ನುವ ಅರ್ಥದ ಮಾತಾಡುತ್ತಾನೆ. ನಮ್ಮ ಬಹುಪಾಲು ಸಿನಿಮಾಗಳಲ್ಲಿ ಕಾಲಿಲ್ಲದವನು ದೇವರಂಥವನು, ಕಣ್ಣಿಲ್ಲದವಳು ಹೂವಿನಂಥವಳು. ಅವರಿಗೆ ಸಿಟ್ಟಿಲ್ಲ, ಆಸೆಯಿಲ್ಲ, ಹೊಟ್ಟೆಕಿಚ್ಚಿಲ್ಲ. ಕ್ರಿಸ್ಟಿಗೆ ಅವೆಲ್ಲ ಇವೆ. ಆ ಹುಡುಗನಿಗೆ ಹೀಗೆ ಕೇಳಿ: ಎರಡು ಕಾಲಿನ ಹೀರೊ ಪ್ರೇಮಭಂಗವಾಗಿ ಕುಡಿದಾಗ ನಾವು ಹಾಡು ಗುನುಗುತ್ತೇವೆ, ಇವನು ಕುಡಿದಾಗ ಮಾತ್ರ ಯಾಕೆ ಕಸಿವಿಸಿ? ಕೊನೆಯಲ್ಲಿ ಕ್ರಿಸ್ಟಿ ಒಬ್ಬ ದಾದಿಯ ಜೊತೆ ಬೆಟ್ಟದ ಮೇಲೆ ನಿಲ್ಲುವಲ್ಲಿ ಕಥೆ ನಿಲ್ಲುತ್ತದೆ. ನಿಜಜೀವನದಲ್ಲಿ ಬ್ರೌನ್ ಆಕೆಯನ್ನೇ ಮದುವೆಯಾದರು. ಆ ಮದುವೆಯ ಬಗ್ಗೆ ಮುಂದೆ ಬಂದ ಜೀವನಚರಿತ್ರೆಯೊಂದು ಕಹಿಯಾದ ಪ್ರಶ್ನೆಗಳನ್ನು ಎತ್ತಿದೆ. ಅಷ್ಟು ಒರಟುತನ ತಾಳಿಕೊಂಡ ಸಿನಿಮಾಕ್ಕೂ ಕೊನೆಗೆ ಒಂದು ಸಿಹಿ ಬೇಕಾಯಿತು.

ಅರ್ಧದಲ್ಲಿ ಎದ್ದು ಹೋದ ಆ ತಾಯಿ. ಅವರ ಬಗ್ಗೆ ಎರಡು ದಿನ ಯೋಚಿಸಿದೆ. ಸಿನಿಮಾದ ತಾಯಿ ದಣಿಯುವುದಿಲ್ಲ. ಮನೆಯಲ್ಲಿ ಬೆಂಕಿಗೆ ಕಲ್ಲಿದ್ದಲಿಲ್ಲದಾಗಲೂ ಗಾಲಿಕುರ್ಚಿಗೆಂದು ಹಣ ಬಚ್ಚಿಡುತ್ತಾಳೆ, ಮಗನಿಗೆ ಕೋಣೆ ಬೇಕೆಂದು ತಾನೇ ಇಟ್ಟಿಗೆ ಇಡಲು ಶುರು ಮಾಡುತ್ತಾಳೆ. ಬ್ರೆಂಡಾ ಫ್ರಿಕರ್ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ನಟನೆ ಎಂಬುದೇ ಮರೆತುಹೋಗುತ್ತದೆ. ಆದರೆ ಕೊಡಗಿನಲ್ಲಿ ಅಂಥ ಮಗುವನ್ನು ಸಾಕುವ ತಾಯಿ ಆ ಬೆಳಕಿನಲ್ಲಿ ತನ್ನನ್ನು ಅಳೆದುಕೊಂಡಿರಬಹುದು. ಮಗುವಿನ ಮಾತಿನ ತರಬೇತಿಗೆಂದು ಇಲ್ಲಿಂದ ನೂರು ಕಿಲೋಮೀಟರ್ ಆಚೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬೆಳಗಿನ ಜಾವದ ಬಸ್ಸಿನಲ್ಲಿ ಹೋಗಿ ಬರುವ ತಾಯಂದಿರನ್ನು ನಾನು ಬಲ್ಲೆ. ದೊಡ್ಡದಾಗುತ್ತಿರುವ ಮಗುವನ್ನು ಎತ್ತಿ ಬಸ್ಸು ಹತ್ತಿಸಬೇಕು, ಮಳೆಗಾಲದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ರಸ್ತೆಯವರೆಗೆ ಕೆಸರಿನಲ್ಲಿ ಹೊತ್ತು ತರಬೇಕು. ಬೆನ್ನು ನೋವೆಂದು ಒಂದು ತಿಂಗಳು ನಿಲ್ಲಿಸಿದರೆ ಅದಕ್ಕೂ ಊರು ಮಾತಾಡುತ್ತದೆ. ಅವರು ಅದಕ್ಕೇ ಎದ್ದು ಹೋದರೆಂದು ನನಗೆ ಖಾತ್ರಿಯಿಲ್ಲ. ಮಗನಿಗೆ ಮಾತ್ರೆ ಕೊಡುವ ಹೊತ್ತಾಗಿರಲೂಬಹುದು. ಯಾಕೆ ಹೋದಿರಿ ಎಂದು ವಿಚಾರಿಸುವ ಬದಲು, ಮುಂದಿನ ಸಲ ಅವರು ಬಂದಾಗ ಮಗನ ಪಕ್ಕ ಕೂರಲು ಯಾರಾದರೊಬ್ಬರು ಸಿದ್ಧರಿದ್ದಾರೆಂದು ಮೊದಲೇ ತಿಳಿಸಿ.

ನಟನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಡೇ ಲೂಯಿಸ್ ಚಿತ್ರೀಕರಣದುದ್ದಕ್ಕೂ ಗಾಲಿಕುರ್ಚಿಯಲ್ಲೇ ಇದ್ದು, ಕೆಲಸದವರಿಂದಲೇ ಎತ್ತಿಸಿಕೊಂಡು, ತುತ್ತು ತಿನ್ನಿಸಿಕೊಂಡರು ಎಂಬುದು ಪ್ರಸಿದ್ಧ ಕಥೆ. ನಟನೆ ಅಸಾಮಾನ್ಯ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಚಿತ್ರೀಕರಣ ಮುಗಿದ ದಿನ ಅವರು ಎದ್ದು ನಡೆದರು. ಪ್ರಶಸ್ತಿ ಪಡೆಯಲು ವೇದಿಕೆಯ ಮೆಟ್ಟಿಲು ಹತ್ತಿದರು. ಸೆರೆಬ್ರಲ್ ಪಾಲ್ಸಿ ಇರುವ ನಟರಿಗೆ ಇನ್ನೊಬ್ಬರ ಪಾತ್ರವಂತೂ ಸಿಗುವುದಿಲ್ಲ, ತಮ್ಮದೇ ಪಾತ್ರವಾದರೂ ಸಿಗಬೇಡವೇ ಎಂಬ ನೋವಿನಲ್ಲಿ ನ್ಯಾಯವಿದೆ.

ನಮ್ಮಲ್ಲಿ ಒಮ್ಮೆ ಸಿಕ್ಕಿದೆ. ಸುಧಾ ಚಂದ್ರನ್ 1981ರ ಅಪಘಾತದಲ್ಲಿ ಬಲಗಾಲು ಕಳೆದುಕೊಂಡು, ಜೈಪುರ ಕಾಲು ಎಂಬ ಕೃತಕ ಕಾಲು ತೊಟ್ಟು ಮತ್ತೆ ಭರತನಾಟ್ಯಕ್ಕೆ ನಿಂತ ಕಥೆ 1985ರಲ್ಲಿ 'ಮಯೂರಿ' ಎಂಬ ತೆಲುಗು ಸಿನಿಮಾ ಆಯಿತು. ನಿರ್ದೇಶನ ನಮಗೂ ಪರಿಚಿತರಾದ ಸಿಂಗೀತಂ ಶ್ರೀನಿವಾಸ ರಾವ್ ಅವರದು. ಸುಧಾ ಅವರೇ ತಮ್ಮ ಪಾತ್ರ ಮಾಡಿದರು. ಕಥೆಯಲ್ಲಿ ಸಾಕಷ್ಟು ಉಪ್ಪು ಖಾರ ಹೆಚ್ಚಿದೆ. ಆದರೆ ಕುಣಿತ ಬಂದಾಗ ಪ್ರೇಕ್ಷಕನಿಗೆ ಅಳಲು ಪುರುಸೊತ್ತು ಸಿಗುವುದಿಲ್ಲ, ಹೆಜ್ಜೆ ನೋಡಬೇಕಾಗುತ್ತದೆ. ಆ ಹೆಜ್ಜೆ ತಾಳಕ್ಕೆ ಕೂತಿದೆಯೋ ಇಲ್ಲವೋ ಎಂದು ಭರತನಾಟ್ಯ ಬಲ್ಲವರು ಒರೆಹಚ್ಚಬಹುದು. ಹಾಗೆ ಒರೆಗೆ ನಿಲ್ಲುವ ಅವಕಾಶ ಕಲಾವಿದರಿಗೆ ಸಲ್ಲುವ ಗೌರವ.

ಕನ್ನಡದಲ್ಲೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಬಗ್ಗೆ 1995ರಲ್ಲಿ ಬಂದ ಸಿನಿಮಾ ಇದೆ. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ. ನಾನು ಗದಗಕ್ಕೆ ಹೋಗಿ ವೀರೇಶ್ವರ ಪುಣ್ಯಾಶ್ರಮದ ಪಡಸಾಲೆಯಲ್ಲಿ ಒಂದು ಬೆಳಗ್ಗೆ ಕೂತಿದ್ದೆ. ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಅಲ್ಲಿ ಕಲಿಯುವ ಎಷ್ಟೋ ಮಕ್ಕಳಿಗೂ ಕಣ್ಣಿಲ್ಲ. ಆ ಪಡಸಾಲೆಯಲ್ಲಿ ಕುರುಡುತನ ಸುದ್ದಿಯೇ ಅಲ್ಲ. ಸ್ವರ ಜಾರಿದರೆ ಬೈಗುಳ, ಸರಿ ಬಂದರೆ ಮುಂದಿನ ಪಾಠ. ಅಯ್ಯೋ ಎಂದು ಯಾರೂ ಉಸಿರು ಬಿಡುವುದಿಲ್ಲ. ನಿಮ್ಮ ತಂಗಿ ನಿಮ್ಮಿಂದ ಬಯಸಿದ್ದು ಇಂಥದ್ದನ್ನೇ ಇರಬೇಕು.

ನಮ್ಮ ನುಡಿಯ ಬಗ್ಗೆಯೂ ಒಂದು ಮಾತು. ಸಿನಿಮಾದ ಪಾತ್ರವನ್ನು ನಾನು ಇಲ್ಲಿ ಏಕವಚನದಲ್ಲಿ ಬರೆದೆ, ದೊಡ್ಡವರಾದ ಬ್ರೌನ್ ಅವರನ್ನು ಬಹುವಚನದಲ್ಲಿ. ಬೇಕೆಂದೇ ಹಾಗೆ ಮಾಡಿದೆ. ಊರುಗೋಲು ಹಿಡಿದ ನಲವತ್ತರ ಗಂಡಸು ಬಸ್ಸು ಹತ್ತಿದರೆ "ಬಾ ಮಾರಾಯ, ಇಲ್ಲಿ ಕೂರು" ಎನ್ನುತ್ತೇವೆ, ಅವರ ಹಿಂದೆಯೇ ಹತ್ತಿದ ಅದೇ ವಯಸ್ಸಿನವರಿಗೆ "ಬನ್ನಿ". ಪ್ರೀತಿಯಿಂದಲೇ ಹೇಳುತ್ತೇವೆ, ಆದರೂ ದೊಡ್ಡವರನ್ನು ಮಗು ಮಾಡಿಬಿಡುತ್ತೇವೆ. ಸರ್ಕಾರ ಬಳಸುವ 'ವಿಕಲಚೇತನ' ಎಂಬ ಪದಕ್ಕೂ ಹಲವರ ಆಕ್ಷೇಪವಿದೆ: ಸೋತದ್ದು ಕಾಲು, ಚೇತನವಲ್ಲ. ತಂಗಿಗೆ ಯಾವ ಪದ ಹಿತವೋ ಅವರನ್ನೇ ಕೇಳಿ ಬಳಸಿ.

ಕಾನೂನೂ ಈ ದಿಕ್ಕಿಗೆ ಬಂದಿದೆ. ಅಂಗವೈಕಲ್ಯ ಇರುವವರ ಹಕ್ಕುಗಳ 2016ರ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಹಿಂದಿ ಸಿನಿಮಾದ ಮೇಲಿನ ಮೊಕದ್ದಮೆಯಲ್ಲಿ, ತೆರೆಯ ಮೇಲೆ ಅಂಗವೈಕಲ್ಯವನ್ನು ತೋರಿಸುವಾಗ ಪಾಲಿಸಬೇಕಾದ ಸೂತ್ರಗಳನ್ನು ಕೊಟ್ಟಿತು. ಹೀಗಳೆಯುವ ಪದ ಬೇಡ, ಅಂಗವೈಕಲ್ಯ ಇರುವವರನ್ನೇ ಜೊತೆಗಿಟ್ಟುಕೊಂಡು ಕೆಲಸ ಮಾಡಿ ಎಂದಿತು. ಸಿನಿಮಾ ಮಾಡುವವರಿಗೆ ಹೇಳಿದ ಆ ಎರಡನೆಯ ಮಾತು ಸಿನಿಮಾ ತೋರಿಸುವವರಿಗೂ ಸಲ್ಲುತ್ತದೆ.

ಇಲ್ಲಿ ನಿಮ್ಮ ಪತ್ರದ ಒಂದು ವಾಕ್ಯಕ್ಕೆ ಮರಳುತ್ತೇನೆ. ಹಾಲ್ ಮಹಡಿ ಮೇಲಿದೆ, ಅವಳನ್ನು ಹಿಡಿದುಕೊಂಡೇ ಹತ್ತಿಸಿದ್ದೆವು ಎಂದು ಬರೆದಿದ್ದೀರಿ. ಕೊಡಗಿನಲ್ಲಿ ಸಮತಟ್ಟು ಜಾಗ ಕಷ್ಟ, ಎಲ್ಲ ಕಟ್ಟಡಕ್ಕೂ ಹತ್ತೋ ಇಪ್ಪತ್ತೋ ಮೆಟ್ಟಿಲು ಇದ್ದೇ ಇರುತ್ತದೆ, ಗೊತ್ತು. ಆದರೆ ಮೊಣಕಾಲಿಗೆ ಕೈಯೂರಿ ನಡೆಯುವವರನ್ನು ಇಬ್ಬರು ತೋಳು ಹಿಡಿದು, ಎಲ್ಲರ ಕಣ್ಣೆದುರು, ಒಂದೊಂದೇ ಮೆಟ್ಟಿಲು ಹತ್ತಿಸಿ, ಮೇಲೆ ಕೂರಿಸಿ, ಆಮೇಲೆ ಎಡಗಾಲಿನ ಮನುಷ್ಯನ ಕಥೆ ನೋಡಿ ಅತ್ತರೆ ಅವರಿಗೆ ಹೇಗಾಗಿರಬೇಡ? ಮುಂದಿನ ಸಿನಿಮಾವನ್ನು ಕೆಳಗೆ, ರಸ್ತೆಗೆ ಸಮನಾದ ಒಂದು ಕೋಣೆಯಲ್ಲಿ ಹಾಕಿ. ಕಾಫಿ ಗೋದಾಮಾದರೂ ಆದೀತು, ಮಳೆಗಾಲದಲ್ಲಿ ಅರ್ಧ ಖಾಲಿಯೇ ಇರುತ್ತದೆ.

ತಂಗಿಯ ಮನೆಗೆ ಹೋಗಿ. ಕ್ಷಮೆ ಕೇಳುವುದನ್ನೇ ದೊಡ್ಡದು ಮಾಡಬೇಡಿ, ಅದು ಮತ್ತೆ ನಿಮ್ಮ ಕಣ್ಣೀರಿನ ಮಾತಾಗುತ್ತದೆ. ಚಿತ್ರಗಳನ್ನು ತೋರಿಸಲು ಹೇಳಿ, ಕೂತು ನೋಡಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ, ಹಿಡಿಸಿದರೆ ಬೆಲೆ ಕೇಳಿ. ಅವರ ಕಾಲಿಗೂ ಕುಂಚಕ್ಕೂ ಅಂಥ ಸಂಬಂಧವೇನೂ ಇಲ್ಲ, ಅವರು ಬರೆಯುವುದು ಕೈಯಲ್ಲಿ. ಅವರ ನಿಜವಾದ ಜಗಳ ಬಹುಶಃ ನಮ್ಮ ಗಾಳಿಯ ತೇವದ ಜೊತೆ. ಜಲವರ್ಣದವರಿಗೆ ಕೊಡಗಿನ ಜುಲೈ ಎಂದರೆ ಒಣಗದ ಕಾಗದ, ಅಂಚು ಮೀರಿ ಹರಡುವ ಬಣ್ಣ, ಹಾಳೆಯ ಮೇಲೆ ವಾರದಲ್ಲಿ ಏಳುವ ಬೂಷ್ಟು. ಕೆಳಗಿನ ನೀಲಿ ಆರುವ ಮೊದಲು ಮೇಲೆ ಹಸಿರು ಇಟ್ಟರೆ ಎರಡೂ ಕೆಸರು. ಅದನ್ನು ಹೇಗೆ ಸಂಭಾಳಿಸುತ್ತಾರೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೋ, ಇಲ್ಲ ಆ ಒದ್ದೆಯನ್ನೇ ಚಿತ್ರಕ್ಕೆ ಬಳಸಿಕೊಳ್ಳುತ್ತಾರೋ, ಕೇಳಿ ನೋಡಿ.